ಕ್ರಿಯಾಟಿನಿನ್ ನಾರ್ಮಲ್, ಆದರೂ ಮಾತ್ರೆ ಅರ್ಧ ಯಾಕೆ?

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 78 ವರ್ಷ, ತೂಕ 42 ಕೆ.ಜಿ. ಎದೆಬಡಿತ ಏರುಪೇರಾಗುತ್ತದೆಂದು ಡಿಗಾಕ್ಸಿನ್ ತಗೊಳ್ತಾರೆ. ಕ್ರಿಯಾಟಿನಿನ್ 0.9. ಲ್ಯಾಬ್ ರಿಪೋರ್ಟಿನಲ್ಲಿ ಇ-ಜಿಎಫ್‌ಆರ್ 65 ಎಂದಿದೆ. ಹೊಸ ಡಾಕ್ಟರು ಮಾತ್ರ ‘ನನ್ನ ಲೆಕ್ಕಕ್ಕೆ 34 ಬರುತ್ತೆ’ ಅಂತ ಡೋಸ್ ಅರ್ಧ ಮಾಡಿದ್ದಾರೆ. ಯಾವುದನ್ನು ನಂಬೋದು?

ಉತ್ತರ: ಕಿಡ್ನಿ ಎಷ್ಟು ಚುರುಕಾಗಿ ರಕ್ತ ಸೋಸುತ್ತದೆ ಎಂಬುದಕ್ಕೆ ಇವೆರಡೂ ಅಂದಾಜುಗಳೇ. ಆದರೆ ನಿಮ್ಮ ಅಮ್ಮನ ವಿಷಯದಲ್ಲಿ ನಾನು ಹೊಸ ಡಾಕ್ಟರ ಕಡೆ.

ಕ್ರಿಯಾಟಿನಿನ್ ಬರೋದು ಮಾಂಸಖಂಡದಿಂದ, ಅದನ್ನು ಹೊರಹಾಕೋದು ಕಿಡ್ನಿ. ಅಮ್ಮನ ಕೈ ಒಮ್ಮೆ ನೋಡಿ. ಬಳೆ ಮೊಣಕೈವರೆಗೂ ಸಲೀಸಾಗಿ ಜಾರುತ್ತದೆ ಅಲ್ವಾ? ಅಷ್ಟು ಸೊರಗಿದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ನಿಧಾನವಾಗಿದ್ದರೂ ರಕ್ತದಲ್ಲಿ ಅದು ಏರಿ ಕಾಣಿಸುವುದಿಲ್ಲ. ಗಟ್ಟಿಮುಟ್ಟಾದ ಮೂವತ್ತರ ಹುಡುಗನ 0.9 ಬೇರೆ, ಅಮ್ಮನ 0.9 ಬೇರೆ.

ಡಾಕ್ಟರು ಹಾಕಿದ್ದು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಕೊಟ್ಟ ಲೆಕ್ಕ. 140ರಲ್ಲಿ ವಯಸ್ಸು ಕಳೆದರೆ 62. ಅದನ್ನು ತೂಕದಿಂದ ಗುಣಿಸಿದರೆ 2604. ಕ್ರಿಯಾಟಿನಿನ್ನಿನ 72 ಪಟ್ಟು, ಅಂದರೆ 64.8ರಿಂದ ಭಾಗಿಸಿದರೆ 40. ಹೆಂಗಸರಿಗೆ 0.85ರಿಂದ ಗುಣಿಸಬೇಕು, 34 ಬಂತು. ಲ್ಯಾಬಿನ ಸೂತ್ರ ತೂಕವನ್ನೇ ಕೇಳುವುದಿಲ್ಲ. ಮೈಯ ಹೊರಮೈ 1.73 ಚದರ ಮೀಟರ್ ಇದ್ದರೆ ಎಷ್ಟು ಎಂದು ಹೇಳುತ್ತದೆ, ಅಷ್ಟೇ. ಅಮ್ಮ ಐದಡಿ ಎತ್ತರ ಎಂದಿಟ್ಟುಕೊಂಡರೆ ಅವರದು ಸುಮಾರು 1.33. ಅದಕ್ಕೆ ಹೊಂದಿಸಿದರೆ 65 ಇಳಿದು 50 ಆಗುತ್ತದೆ.

ಹಾಗಂತ 34 ಕಲ್ಲಿನಲ್ಲಿ ಕೆತ್ತಿದ್ದಲ್ಲ. ಆ ಸೂತ್ರ ಕಟ್ಟಿದ್ದು 249 ರೋಗಿಗಳ ಮೇಲೆ, ಬಹುಪಾಲು ಗಂಡಸರು. ಹೆಂಗಸರ 0.85 ಕೂಡ ಅಂದಾಜೇ. ಒಳ್ಳೆಯ ಸೂತ್ರವೂ ನಿಜವಾದ ಅಳತೆಗಿಂತ ಶೇ. 30ರಷ್ಟು ಆಚೀಚೆ ಆದರೆ ಪಾಸು ಅಂತಲೇ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಸಿಸ್ಟಾಟಿನ್-ಸಿ ಎಂಬ ಪರೀಕ್ಷೆಗೆ ಮಾಂಸಖಂಡದ ಹಂಗು ಕಡಿಮೆ. ಅದನ್ನೂ ಸೇರಿಸಿ ನೋಡಿದರೆ ಅಂದಾಜು ಬಿಗಿಯಾಗುತ್ತದೆ. ಥೈರಾಯ್ಡ್ ತೊಂದರೆ ಇದ್ದರೆ, ಸ್ಟೆರಾಯ್ಡ್ ತಗೊಳ್ತಿದ್ದರೆ ಅದೂ ದಾರಿ ತಪ್ಪಿಸಬಹುದು.

ಅನುಮಾನ ಇದ್ದಾಗ ಯಾವ ಕಡೆ ವಾಲಬೇಕು ಅನ್ನೋದನ್ನು ಔಷಧಿಯೇ ಹೇಳುತ್ತದೆ. ಡಿಗಾಕ್ಸಿನ್ ಹೆಚ್ಚಾಗಿ ಕಿಡ್ನಿಯ ಮೂಲಕವೇ ಹೊರಹೋಗುತ್ತದೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಇಲ್ಲಿ ಕಡಿಮೆಯಿಂದ ಶುರುಮಾಡುವುದೇ ಕ್ಷೇಮ. ಅದೇ ಅಮ್ಮ ಜೋರು ಸೋಂಕಾಗಿ ಐಸಿಯುನಲ್ಲಿದ್ದಿದ್ದರೆ, ಮೊದಲ ದಿನವೇ ಆಂಟಿಬಯಾಟಿಕ್ ಅರ್ಧ ಮಾಡಲು ನಾನು ಹಿಂದೆಮುಂದೆ ನೋಡುತ್ತಿದ್ದೆ, ಅಲ್ಲಿ ಔಷಧಿ ಸಾಲದೇ ಹೋದರೇ ಹೆಚ್ಚು ಅಪಾಯ.

ಸೂತ್ರದ ಜಗಳ ಬಿಟ್ಟು ರಕ್ತದಲ್ಲಿ ಡಿಗಾಕ್ಸಿನ್ ಎಷ್ಟಿದೆ ಎಂದೇ ಅಳೆಸಬಹುದು. ಡೋಸ್ ಬದಲಾಗಿ ಎರಡು ವಾರವಾದರೂ ಆಗಿರಲಿ. ರಕ್ತ ಕೊಡುವುದು ಮಾತ್ರೆ ನುಂಗಿ ಕನಿಷ್ಠ ಆರು ಗಂಟೆ ಆದಮೇಲೆ. ಮಾಟುಂಗಾದ ಒಬ್ಬರು ಅಜ್ಜಿ ಎಂಟಕ್ಕೆ ಮಾತ್ರೆ ನುಂಗಿ ಒಂಬತ್ತಕ್ಕೆ ರಕ್ತ ಕೊಟ್ಟು ಬಂದಿದ್ದರು. ರಿಪೋರ್ಟ್ ನೋಡಿ ಮನೆಯವರೆಲ್ಲ ಗಾಬರಿ. ಮತ್ತೆ ಸರಿಯಾದ ಹೊತ್ತಿಗೆ ತೆಗೆಸಿದಾಗ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಮೊದಲು ರಕ್ತ, ಆಮೇಲೆ ಮಾತ್ರೆ, ಇದು ಸುಲಭ. ಜೊತೆಗೆ ಪೊಟ್ಯಾಸಿಯಂ ಕೂಡ ಮಾಡಿಸಿ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ತಗೊಳ್ತಿದ್ದರಂತೂ ಮರೆಯಬೇಡಿ.

ಅಮ್ಮನಿಗೆ ಊಟ ಸೇರದಿದ್ದರೆ, ವಾಂತಿ ಬಂದರೆ, ನೋಡಿದ್ದೆಲ್ಲ ಹಳದಿಯಾಗಿ ಕಂಡರೆ, ನಾಡಿ 60ಕ್ಕಿಂತ ಕೆಳಗಿಳಿದರೆ ಮುಂದಿನ ಮಾತ್ರೆ ಕೊಡುವ ಮೊದಲು, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.