ಆ ಡಿಸ್ಕನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ

ಹಳೇ ಕಂಪ್ಯೂಟರಿಗೆ ಯಾವ ವಿಂಡೋಸ್ ಹಗುರ, ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಬೇಕಾ ಅಂತ ನೀವು ಇಲ್ಲಿ ಕೇಳಿದ್ದೀರಿ, ಅದಕ್ಕೆ ಆಮೇಲೆ ಬರ್ತೀನಿ. ನೀವು ಬರೆದಿರುವ ಎರಡು ವಿಷಯ ಓದಿ ನನಗೆ ಸುಮ್ಮನೆ ಇರೋಕಾಗಲಿಲ್ಲ. ಕೋರ್ 2 ಡ್ಯುಯೋ ಪ್ರೊಸೆಸರಿನ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10 ಹಾಕೋಕೆ ಹೋದರೆ ಒಂದು ಸಲ 23 ಪರ್ಸೆಂಟ್‌ಗೆ, ಇನ್ನೊಂದು ಸಲ 64ಕ್ಕೆ ನಿಂತು ಫೈಲ್ ಕರಪ್ಟ್ ಅನ್ನುತ್ತೆ, ಇದು ಒಂದು. ಡಿ ಡ್ರೈವ್‌ನಲ್ಲಿದ್ದದ್ದನ್ನೆಲ್ಲ ಅದೇ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡಿದ್ದೀನಿ, ಇನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕ್ತೀನಿ ಅಂದಿದ್ದೀರಿ, ಇದು ಇನ್ನೊಂದು. ನಮ್ಮ ಮನೆಯಲ್ಲಿ ಆದದ್ದು ಇದೇ, ಇದೇ ಕ್ರಮದಲ್ಲಿ.

ನಮ್ಮದು ಸೋಮವಾರಪೇಟೆ ತಾಲೂಕು, ಶಾಂತಳ್ಳಿ ಕಡೆ. ಪುಷ್ಪಗಿರಿಯ ಬುಡ, ಮಳೆ ಹೇಗೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ತೋಟದ ಲೆಕ್ಕ, ಆಳುಗಳ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ), ಕಾಫಿ ಮೆಣಸು ಮಾರಿದ ಬಿಲ್ಲು ಎಲ್ಲ ಒಂದು ಹಳೇ ಡೆಸ್ಕ್‌ಟಾಪಿನಲ್ಲಿ ನಾನೇ ನೋಡಿಕೊಳ್ತಿದ್ದೆ. ಅದರಲ್ಲೇ ಮಾವನವರ ಮಳೆ ಲೆಕ್ಕವೂ ಇತ್ತು. ಅವರು ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ಎರಡಿಂಚು ನಲವತ್ತು ಸೆಂಟು" ಅಂತ ಒಳಗೆ ಕೂಗಿ ಹೇಳೋರು, ನಾನು ಬರೆದುಕೊಳ್ಳಬೇಕು. ಹಳೇ ನೋಟ್‌ಬುಕ್ಕುಗಳು ಅಟ್ಟದಲ್ಲಿ ಥಂಡಿ ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳೋಕೆ ಶುರುವಾದಾಗ, ಓದೋಕೆ ಬಂದದ್ದನ್ನೆಲ್ಲ ಕೂತು ಎಕ್ಸೆಲ್‌ಗೆ ಟೈಪ್ ಮಾಡಿದ್ದೆ. ಆಮೇಲೆ ಆ ಪುಸ್ತಕಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ.

2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತಿತು. ಆ ಮಳೆಗಾಲದಲ್ಲಿ ಮನೆಯಲ್ಲೇ ಕೂತಿದ್ದಾಗ 10 ಹಾಕೋಣ ಅಂತ ಯಜಮಾನರೂ ನಾನೂ ಹೊರಟೆವು. ಫೈಲುಗಳು ಬಿಚ್ಚಿಕೊಳ್ಳುವ ಹಂತದಲ್ಲಿ ಎರರ್ ಬಂತು, ಕೊನೆಗೆ 80070570 ಅನ್ನೋ ಕೋಡ್. ಮತ್ತೆ ಹಾಕಿದರೆ ಬೇರೆ ಜಾಗದಲ್ಲಿ ನಿಂತು 8007025ಡಿ. ಪೆನ್‌ಡ್ರೈವ್ ಸರಿಯಿಲ್ಲ ಅಂತ ಹೊಸದು ತಂದೆವು. ಡೌನ್‌ಲೋಡ್ ಸರಿಯಾಗಿಲ್ಲ ಅಂತ ಮತ್ತೆ ಡೌನ್‌ಲೋಡ್ ಮಾಡಿದೆವು, ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಅದೇ ಒಂದು ರಾತ್ರಿಯ ಕೆಲಸ. ಹಾರ್ಡ್‌ಡಿಸ್ಕ್ ಹೋಗಿರಬೇಕು ಅಂತ ಅಂಗಡಿಯವರು ಫೋನಿನಲ್ಲೇ ಹೇಳಿದರು, ಎಸ್‌ಎಸ್‌ಡಿಯನ್ನೂ ತರಿಸಿದೆವು. ಅದರಲ್ಲೂ ಅದೇ ಕಥೆ.

ನಿಜವಾಗಿ ಕೆಟ್ಟಿದ್ದು, ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್. ಎರಡು 2 ಜಿಬಿ ಕಡ್ಡಿಗಳಲ್ಲಿ ಒಂದು.

ಸುಳಿವು ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಪೆನ್‌ಡ್ರೈವ್‌ನಲ್ಲಿರುವ ಫೈಲೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲಬೇಕು. ಸಲಕ್ಕೊಂದು ಜಾಗದಲ್ಲಿ, ಸಲಕ್ಕೊಂದು ಕೋಡ್ ಕೊಟ್ಟು ನಿಂತರೆ ಮೊದಲ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು. ವಿಂಡೋಸ್ ಸೆಟಪ್ ಒತ್ತಿ ಚಿಕ್ಕದು ಮಾಡಿದ (ಕಂಪ್ರೆಸ್ ಮಾಡಿದ) ಒಂದು ದೊಡ್ಡ ಫೈಲನ್ನು ಓದಿ, ರ‍್ಯಾಮಿನಲ್ಲಿ ಬಿಚ್ಚಿ, ತಾಳೆ ನೋಡಿ, ಡಿಸ್ಕಿಗೆ ಬರೆಯುತ್ತೆ. ಸೆಟಪ್ ಪರದೆಯೇ ರ‍್ಯಾಮಿನೊಳಗೆ ಕೂತು ಓಡ್ತಿರುತ್ತೆ. ಒಂದೇ ಒಂದು ಬಿಟ್ (ಮಾಹಿತಿಯ ಅತಿ ಸಣ್ಣ ತುಣುಕು, ಒಂದು ಇಲ್ಲವೇ ಸೊನ್ನೆ) ತಿರುಗಿಬಿದ್ದರೂ ತಾಳೆ ತಪ್ಪಿ ಫೈಲ್ ಕರಪ್ಟ್ ಅನ್ನುತ್ತೆ. ದಿನಾ ಎಕ್ಸೆಲ್ ತೆರೆದು ಟೈಪ್ ಮಾಡುವಾಗ ಯಾಕೆ ಗೊತ್ತಾಗಲಿಲ್ಲ ಅಂದರೆ, ಹಳೇ ವಿಂಡೋಸ್ 7ರಲ್ಲಿ ಅಷ್ಟು ಸಣ್ಣ ಕೆಲಸಕ್ಕೆ ರ‍್ಯಾಮಿನ ಕೆಟ್ಟ ಭಾಗ ಬಳಕೆಗೆ ಬರೋದು ಅಪರೂಪ ಇದ್ದಿರಬೇಕು. ಅಪರೂಪಕ್ಕೆ ನೀಲಿ ಪರದೆ ಬಂದಾಗ ಕರೆಂಟಿನ ತೊಂದರೆ ಅಂತ ಬಿಟ್ಟಿದ್ದೆವು. ಜುಲೈಯಲ್ಲಿ ನಮ್ಮಲ್ಲಿ ಕರೆಂಟ್ ಮೇಲೆ ಯಾವ ತಪ್ಪು ಹೊರಿಸಿದರೂ ನಂಬುತ್ತಾರೆ.

ರ‍್ಯಾಮ್ ಕೆಟ್ಟರೆ ಬದಲಾಯಿಸಬಹುದು, ಅದು ಸಣ್ಣ ಖರ್ಚು. ನಮಗೆ ದುಬಾರಿಯಾದ ತಪ್ಪು ಬೇರೆ, ನೀವು ಈಗ ಅದರ ಬಾಗಿಲಲ್ಲೇ ನಿಂತಿದ್ದೀರಿ. ಫಾರ್ಮ್ಯಾಟ್ ಮಾಡುವ ಮುಂಚೆ ಡಿ ಡ್ರೈವ್‌ನಲ್ಲಿದ್ದದ್ದನ್ನೆಲ್ಲ ಅದೇ ಕಂಪ್ಯೂಟರಿನಿಂದ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದೆವು. ಕಾಪಿ ಅಂದರೆ ಈ ಡಿಸ್ಕಿನಿಂದ ಆ ಡಿಸ್ಕಿಗೆ ನೇರ ಹೋಗೋದು ಅಂತ ನಾವು ಅಂದುಕೊಳ್ತೀವಿ. ಹಾಗಲ್ಲ. ಪ್ರತಿ ಫೈಲೂ ಮೊದಲು ರ‍್ಯಾಮಿಗೆ ಬರುತ್ತೆ, ಅಲ್ಲಿಂದ ಇನ್ನೊಂದು ಕಡೆಗೆ ಬರೆಯಲ್ಪಡುತ್ತೆ. ಕೆಟ್ಟ ರ‍್ಯಾಮಿನ ಮೂಲಕ ಹಾದುಹೋದ ಫೈಲು ಕೆಟ್ಟೇ ಆ ಕಡೆ ಸೇರಬಹುದು, ಎರರ್ ಏನೂ ತೋರಿಸದೆ. ಸರ್ವರುಗಳಲ್ಲಿ ಇಂಥ ತಪ್ಪು ಹಿಡಿಯುವ ಇಸಿಸಿ ಅನ್ನೋ ರ‍್ಯಾಮ್ ಹಾಕ್ತಾರೆ, ನಮ್ಮ ನಿಮ್ಮ ಮನೆಯ ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಅದಿರಲ್ಲ.

ಕಾಪಿ ಸರಿಯಾಗಿದೆಯಾ ಅಂತ ನಾವು ನೋಡದೆ ಇರಲಿಲ್ಲ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಒಟ್ಟು ಸೈಜ್ ಹೋಲಿಸಿದೆವು. ಒಂದು ಬೈಟೂ ವ್ಯತ್ಯಾಸ ಇರಲಿಲ್ಲ. ಆದರೆ ಒಳಗೆ ಒಂದು ಇದ್ದದ್ದು ಸೊನ್ನೆಯಾದರೆ ಸೈಜ್ ಬದಲಾಗಲ್ಲ. ಮೂಟೆ ಸರಿಯಾಗಿ ಐವತ್ತು ಕೆಜಿ ತೂಗಿತು ಅಂದ ಮಾತ್ರಕ್ಕೆ ಒಳಗಿನ ಕಾಫಿ ಬೂಷ್ಟು ಹಿಡಿದಿಲ್ಲ ಅಂತ ಹೇಳೋಕಾಗುತ್ತಾ? ಒಂದೆರಡು ಫೋಟೋ ತೆರೆದು ನೋಡಿದೆವು, ಅವು ಚೆನ್ನಾಗಿದ್ದವು. ಅಷ್ಟಕ್ಕೇ ಧೈರ್ಯ ಮಾಡಿ ಡಿಸ್ಕಿನ ಎಲ್ಲ ಪಾರ್ಟಿಷನ್ (ಸಿ, ಡಿ ಅನ್ನೋ ಭಾಗಗಳು) ಅಳಿಸಿದೆವು. ಅದರ ಮೇಲೆ ಮತ್ತೆ ಮತ್ತೆ ಅರ್ಧರ್ಧ ವಿಂಡೋಸ್ ಬರೆದೆವು, ಹಾಗಾಗಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿಸಿದರೂ ಹೆಸರಿಲ್ಲದ ಒಂದಷ್ಟು ಫೋಟೋ ಬಿಟ್ಟರೆ ಏನೂ ಸಿಗಲಿಲ್ಲ.

ಮಳೆ ಲೆಕ್ಕದ ಎಕ್ಸೆಲ್ ಫೈಲು ತೆರೆಯಲೇ ಇಲ್ಲ. ಈಗಿನ ಎಕ್ಸೆಲ್ ಫೈಲು ಒಳಗೆ ಒಂದು ಜಿಪ್ ಇದ್ದ ಹಾಗೆ, ಒತ್ತಿಟ್ಟ ಭಾಗದಲ್ಲಿ ಒಂದು ಬಿಟ್ ಕೆಟ್ಟರೂ ಅಲ್ಲಿಂದಾಚೆ ಬಿಚ್ಚೋದು ಕಷ್ಟ. ರಿಪೇರಿ ಮಾಡಲೇ ಅಂತ ಅದೇ ಕೇಳಿತು, ಹೂಂ ಅಂದರೆ ಖಾಲಿ ಹಾಳೆ ಕೊಟ್ಟಿತು. ಫೋಟೋಗಳಲ್ಲಿ ಕೆಲವು ಮೇಲರ್ಧ ಸರಿಯಿದ್ದು, ಅಲ್ಲಿಂದ ಕೆಳಗೆ ಬಣ್ಣ ಕದಡಿ ಪಕ್ಕಕ್ಕೆ ಸರಿದು ಹೋಗಿದ್ದವು. ಲೆಕ್ಕದ ಹಳೇ ಪ್ರತಿ ಒಂದು ನಾದಿನಿಯ ಮೇಲ್‌ನಲ್ಲಿ ಸಿಕ್ಕಿತು, ಅದು 2016ರವರೆಗೆ ಮಾತ್ರ. ಅಂದರೆ 2018ರ ಆಗಸ್ಟ್ ಹೋಯಿತು. ಗುಡ್ಡಗಳು ಕುಸಿದ ಆ ತಿಂಗಳು ಪ್ರತಿ ಬೆಳಿಗ್ಗೆ ಮಾವನವರು ಕೊಡೆ ಹಿಡಿದು ಹೋಗಿ ಅಳೆದು ಬಂದಿದ್ದ ಅಂಕಿಗಳು. ಪಕ್ಕದ ತೋಟದವರು ತಮ್ಮ ರಿಜಿಸ್ಟರ್ ಕೊಟ್ಟರು, ಆದರೆ ಗುಡ್ಡದ ಆ ಮಗ್ಗುಲಿನ ಮಳೆಯೇ ಬೇರೆ, ನಮ್ಮದೇ ಬೇರೆ. ಕಾಫಿ ಹೂ ಬಿಡಿಸುವ ಹೂ ಮಳೆ ಯಾವ ವರ್ಷ ಯಾವಾಗ ಬಿತ್ತು, ನೀರು ಹಾಯಿಸಬೇಕಾ ಕಾಯಬೇಕಾ ಅಂತ ಮಾವನವರು ನಮ್ಮ ಲೆಕ್ಕ ನೋಡಿಯೇ ಹೇಳ್ತಿದ್ದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಹೇಳ್ತಿರೋದು: ಪವರ್ ಕೇಬಲ್ ಕಿತ್ತು ಆ ಹಾರ್ಡ್‌ಡಿಸ್ಕನ್ನು ಹೊರಗೆ ತೆಗೆಯಿರಿ. ಡಿಸ್ಕಿನ ಸಾಟಾ ಅನ್ನೋ ಕನೆಕ್ಟರಿನಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಸಿಗುತ್ತೆ. 3.5 ಇಂಚಿನ ಡಿಸ್ಕ್ ಆದರೆ ಬೇರೆ ಪವರ್ ಅಡಾಪ್ಟರ್ ಜೊತೆಗೆ ಬರುವಂಥದ್ದನ್ನೇ ಕೇಳಿ. ಇನ್ನೊಂದು ಒಳ್ಳೆಯ ಲ್ಯಾಪ್‌ಟಾಪಿಗೆ ಹಾಕಿ ಅಲ್ಲಿಂದ ಕಾಪಿ ಮಾಡಿಕೊಳ್ಳಿ, ಬೇಕಾದ ಫೈಲುಗಳನ್ನು ಅಲ್ಲೇ ತೆರೆದು ನೋಡಿ. ಈಗಾಗಲೇ ಪೆನ್‌ಡ್ರೈವ್‌ಗೆ ಹಾಕಿಕೊಂಡದ್ದನ್ನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಆಮೇಲೆ ರ‍್ಯಾಮ್. ಮೆಮ್‌ಟೆಸ್ಟ್86+ ಅನ್ನೋ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಉಚಿತ, ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಬರೆದುಕೊಂಡು ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಎರರ್ ಬಂದರೂ ಫೇಲು, "ಒಂದೇ ತಾನೇ" ಅನ್ನೋ ಮಾತೇ ಇಲ್ಲ. ಬಂದರೆ ಕಡ್ಡಿಗಳನ್ನು ಒಂದೊಂದಾಗಿ ಹಾಕಿ, ಸ್ಲಾಟ್ ಬದಲಿಸಿ ಪರೀಕ್ಷಿಸಿ. ನಮ್ಮ ಹವೆಗೆ, ಸ್ಲಾಟಿಗೆ ಕೂರುವ ಕಡ್ಡಿಯ ಲೋಹದ ಹಲ್ಲುಗಳ ಮೇಲೆ ಕಿಲುಬು ಕೂರುತ್ತೆ. ಕಡ್ಡಿ ಬಿಚ್ಚಿ, ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ. ನಾವು ಉಜ್ಜಿದಾಗ ರಬ್ಬರ್ ಮಸಿ ಹಿಡಿದ ಹಾಗೆ ಕಪ್ಪಾಯಿತು. ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ. ನಮ್ಮದು ಹೋಗಲಿಲ್ಲ, ಮೈಸೂರಿನಿಂದ ಸೆಕೆಂಡ್‌ಹ್ಯಾಂಡ್ ಡಿಡಿಆರ್2 ಅನ್ನೋ ಹಳೇ ಬಗೆಯ ಕಡ್ಡಿ ತರಿಸಿದೆವು. ನಿಮ್ಮ ಬೋರ್ಡಿಗೆ ಡಿಡಿಆರ್2 ಬೇಕೋ ಡಿಡಿಆರ್3 ಬೇಕೋ ನೋಡಿಕೊಂಡು ತನ್ನಿ, ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರಲ್ಲ. ಕಡ್ಡಿ ಬದಲಿಸಿದ ಮೇಲೆ, ಕೆಟ್ಟಿದೆ ಅಂತ ಬದಿಗಿಟ್ಟಿದ್ದ ಅದೇ ಮೊದಲಿನ ಪೆನ್‌ಡ್ರೈವ್‌ನಿಂದ ವಿಂಡೋಸ್ ಒಂದೇ ಸಲಕ್ಕೆ ಕೂತಿತು.

ಈಗ ನಿಮ್ಮ ಹಗುರ ವರ್ಷನ್. ಯಾರೋ ಕತ್ತರಿಸಿ ಸಣ್ಣ ಮಾಡಿ ಯೂಟ್ಯೂಬ್ ಕೆಳಗೆ ಲಿಂಕ್ ಹಾಕಿರುವ "ಲೈಟ್" ವಿಂಡೋಸ್ ಬೇಡವೇ ಬೇಡ. ಅದರಲ್ಲಿ ಏನು ಸೇರಿಸಿದ್ದಾರೋ ನಿಮಗೆ ಗೊತ್ತಾಗಲ್ಲ, ಅದರಲ್ಲೇ ಬ್ಯಾಂಕ್ ಪಾಸ್‌ವರ್ಡ್ ಹೊಡೀತೀರಿ. ರ‍್ಯಾಮ್ ಕೆಟ್ಟಿದ್ದರೆ ಹಗುರದ್ದೂ ಕೂರಲ್ಲ, ಅಥವಾ ಕೂತ ಹಾಗೆ ಕಂಡು ಆಮೇಲೆ ಕೈಕೊಡುತ್ತೆ. ವಿಂಡೋಸ್ 11 ಆಸೆ ಬಿಡಿ. ಅದರ 24ಎಚ್2 ಆವೃತ್ತಿಯಿಂದ ಈಚೆಗೆ ಪಾಪ್‌ಕೌಂಟ್ ಅನ್ನೋ ಪ್ರೊಸೆಸರ್ ಆದೇಶ ಕಡ್ಡಾಯ, ಕೋರ್ 2 ಡ್ಯುಯೋದಲ್ಲಿ ಅದಿಲ್ಲ, ಯಾವ ಉಪಾಯದಿಂದಲೂ ಬೂಟ್ ಆಗಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ನಾನು ಹೇಳೋದು ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಸಿಸ್ಟಮ್ ಲಿನಕ್ಸ್ ಮಿಂಟ್, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. ನಮ್ಮ ಆ ಡೆಸ್ಕ್‌ಟಾಪಿನಲ್ಲಿ ಈಗ ಅದೇ ಇದೆ, ಚೆಕ್‌ರೋಲ್ ಎಕ್ಸೆಲ್ ಬದಲು ಉಚಿತ ಲಿಬ್ರೆಆಫೀಸಿನಲ್ಲಿ ಓಡ್ತಿದೆ, ಕನ್ನಡವನ್ನು ಐಬಸ್ ಅನ್ನೋ ಟೈಪಿಂಗ್ ಪ್ರೋಗ್ರಾಂ ಮೂಲಕ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲೇ ಟೈಪ್ ಮಾಡ್ತೀನಿ.

ರಾತ್ರಿಯಿಡೀ ಓಡಿಸಿಯೂ ಮೆಮ್‌ಟೆಸ್ಟ್ ಒಂದೂ ಎರರ್ ತೋರಿಸದೆ ಮುಗಿದರೆ ಸಾಟಾ ಕೇಬಲ್ ಬದಲಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿ ನೋಡಿ, ಬೋರ್ಡಿನ ಮೇಲೆ ಪ್ರೊಸೆಸರ್ ಸುತ್ತ ಇರುವ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಉಬ್ಬಿದ್ದರೆ ಆ ಬೋರ್ಡಿಗೆ ಇನ್ನು ದುಡ್ಡು ಹಾಕಬೇಡಿ. ಬ್ಯಾಕಪ್ ತೆಗೆದುಕೊಂಡ ಹಳೇ ಡಿಸ್ಕನ್ನು ಮಾತ್ರ, ಹೊಸ ಸಿಸ್ಟಮ್ ಒಂದೆರಡು ತಿಂಗಳು ಸರಿಯಾಗಿ ಓಡುವವರೆಗೆ ಮುಟ್ಟದೆ ಎತ್ತಿಡಿ. ಇನ್‌ಸ್ಟಾಲ್ ಮಾಡೋಕೆ ಬೇರೆ ಡಿಸ್ಕ್ ಹಾಕಿಕೊಳ್ಳಿ. ಎಸ್‌ಎಸ್‌ಡಿ ಬೇಕಾ ಅಂತಲೂ ಕೇಳಿದ್ದಿರಲ್ಲ, ಬೇಕು, ಆದರೆ ಈ ಕಾರಣಕ್ಕೆ. ಮೆಮ್‌ಟೆಸ್ಟ್ ಏನು ತೋರಿಸಿತು ಅಂತ ಕೆಳಗೆ ಬರೆಯಿರಿ, ಬೋರ್ಡಿನ ಮಾಡೆಲ್ ಹೇಳಿದರೆ ಯಾವ ರ‍್ಯಾಮ್ ಹಿಡಿಯುತ್ತೆ ಅಂತ ನೋಡಿ ಹೇಳ್ತೀನಿ.