ಮೊದಲು ಕ್ಲಿಪ್ಪೋ, ಕ್ಯಾಪೋ, ಇಂಪ್ಲಾಂಟೋ?

ನೀವು ಕೇಳಿದ್ದು ಇಷ್ಟು: ವಯಸ್ಸು 26, ಊರು ಬದಿಯಡ್ಕದ ಹತ್ತಿರ. ಮೇಲಿನ ಮುಂಭಾಗದ ಹಲ್ಲುಗಳ ನಡುವೆ ಸಂದು ಇದೆ, ನಡುಹಲ್ಲಿನ ಪಕ್ಕದ ಒಂದು ಹಲ್ಲು ಹುಟ್ಟಿನಿಂದಲೇ ಮೊಳೆಯಷ್ಟು ಸಪೂರ. ಕೆಳಗೆ ಬಲಗಡೆಯ ಮೊದಲ ದವಡೆಹಲ್ಲು ತೆಗೆಸಿ ಮೂರು ವರ್ಷ ಆಗಿದೆ. ಎಡಗಡೆಯದಕ್ಕೆ ರೂಟ್ ಕೆನಾಲ್ ಮಾಡಿಸಿದ್ದೀರಿ, ಕ್ಯಾಪ್ ಹಾಕಿಸಿಲ್ಲ. ಕಾಸರಗೋಡಿನ ಡಾಕ್ಟರು ಕ್ಯಾಪ್ ಮತ್ತು ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಎಲುಬಿಗೆ ಕೂರಿಸುವ ಕೃತಕ ಬೇರು) ಮೊದಲು ಎನ್ನುತ್ತಾರೆ, ಮಂಗಳೂರಿನ ಕ್ಲಿಪ್ ಡಾಕ್ಟರು ಕ್ಲಿಪ್ (ಹಲ್ಲನ್ನು ಸರಿಸಲು ಹಾಕುವ ತಂತಿ) ಮೊದಲು ಎನ್ನುತ್ತಾರೆ.

ಕ್ಲಿಪ್ ಮೊದಲು ಎಂಬುದೇ ಸರಿ. ಆದರೆ ಕ್ಲಿಪ್‌ಗಿಂತಲೂ ಮೊದಲು ಆಗಬೇಕಾದ ಕೆಲಸ ಇದೆ. ಹುಳುಕು ಮತ್ತು ಒಸಡಿನ ರೋಗ ನಿಲ್ಲದೆ ಹಲ್ಲನ್ನು ಸರಿಸಬಾರದು. ಒಸಡಿನಲ್ಲಿ ಕೀವು, ಊತ ಇರುವಾಗ ಹಲ್ಲಿನ ಮೇಲೆ ಒತ್ತಡ ಹಾಕಿದರೆ ಸುತ್ತಲಿನ ಎಲುಬು ಬೇಗ ಕರಗುತ್ತದೆ. ಹಾಗಾಗಿ ಕ್ಲೀನಿಂಗ್ ಮಾಡಿಸಿ, ಹುಳುಕನ್ನು ತೆಗೆಸಿ ಸಿಮೆಂಟ್ ತುಂಬಿಸಿಕೊಳ್ಳಿ. ಉಜ್ಜುವಾಗ ರಕ್ತ ಬರುವುದು ನಿಲ್ಲಬೇಕು. ಇದಕ್ಕೆ ಮಂಗಳೂರಿಗೆ ಹೋಗಬೇಕೆಂದಿಲ್ಲ, ಊರಿನ ಕ್ಲಿನಿಕ್‌ನಲ್ಲೇ ಆಗುತ್ತದೆ. ಕ್ಲಿಪ್ ಇರುವಷ್ಟು ಕಾಲವೂ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ಅಲ್ಲೇ ಮಾಡಿಸಬಹುದು.

ರೂಟ್ ಕೆನಾಲ್ ಆದ ಹಲ್ಲಿನ ಹೊಸ ಎಕ್ಸ್‌ರೇ ತೆಗೆಸಿ. ಕ್ಯಾಪ್ ಇಲ್ಲದೆ ಬಿಟ್ಟ ಹಲ್ಲಿನಲ್ಲಿ ಮೇಲಿನ ಸಿಮೆಂಟ್ ಸಂದಿನಿಂದ ಎಂಜಲು ಒಳಗಿಳಿದು ಬೇರಿನ ತುದಿಯಲ್ಲಿ ಮತ್ತೆ ಸೋಂಕು ಆಗುವುದುಂಟು. ತುದಿಯಲ್ಲಿ ಕಪ್ಪು ನೆರಳು ಕಂಡರೆ ರೂಟ್ ಕೆನಾಲನ್ನು ಮರಳಿ ಮಾಡಿಸಿ, ಅದು ವಾಸಿಯಾಗುವ ಲಕ್ಷಣ ಕಂಡ ಮೇಲೆಯೇ ಆ ಹಲ್ಲಿಗೆ ಬಲ ಹಾಕಬೇಕು. ನೆರಳಿಲ್ಲದಿದ್ದರೆ ಗಟ್ಟಿಯಾದ ಕಾಂಪೋಸಿಟ್ (ಹಲ್ಲಿನ ಬಣ್ಣದ ಸಿಮೆಂಟ್) ತುಂಬಿಸಿ, ಅದರ ಮೇಲೆ ಕ್ಲಿಪ್ ಡಾಕ್ಟರು ಸಿಮೆಂಟಿನಿಂದ ಅಂಟಿಸುವ ಉಕ್ಕಿನ ಬ್ಯಾಂಡ್ ಸಾಕು. ಬ್ಯಾಂಡು ಹಲ್ಲಿನ ಗೋಡೆಗಳನ್ನು ಸುತ್ತಲಿಂದ ಹಿಡಿದುಕೊಳ್ಳುತ್ತದೆ. ಗೋಡೆ ತೀರಾ ತೆಳುವಾಗಿದ್ದರೆ ತಾತ್ಕಾಲಿಕ ಅಕ್ರಿಲಿಕ್ ಕ್ಯಾಪ್ ಹಾಕಿಸಿ. ಶಾಶ್ವತ ಕ್ಯಾಪ್ ಮಾತ್ರ ಈಗ ಬೇಡ. ಅದನ್ನು ಈಗಿನ ಕಚ್ಚುವಿಕೆಗೆ ಸರಿಯಾಗಿ ಮಾಡುತ್ತಾರೆ, ಕ್ಲಿಪ್ ಮುಗಿಯುವಾಗ ಮೇಲೆ ಕೆಳಗಿನ ಹಲ್ಲು ಸೇರುವ ಜಾಗವೇ ಬದಲಾಗಿರುತ್ತದೆ. ಅಲ್ಲದೆ ಪಿಂಗಾಣಿ ಕ್ಯಾಪಿಗೆ ಬ್ರಾಕೆಟ್ (ಕ್ಲಿಪ್ಪಿನ ತಂತಿಯನ್ನು ಹಿಡಿಯುವ ಸಣ್ಣ ತುಂಡು) ಅಂಟುವುದು ಕಷ್ಟ; ಆಸಿಡ್, ಅಂಟು ಹಿಡಿಸುವ ಸೈಲೇನ್ ದ್ರವ ಹಚ್ಚಿ ಅಂಟಿಸಿದರೂ ಕೊನೆಗೆ ತೆಗೆಯುವಾಗ ಹೊಳಪಿನ ಪದರ ಕಿತ್ತು ಬರಬಹುದು.

ಇಂಪ್ಲಾಂಟ್ ಈಗಲೇ ಹಾಕಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳುವಾದ ನಾರಿನ ಪದರ ಇರುವುದರಿಂದಲೇ ಹಲ್ಲು ಸರಿಯುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ, ಅದು ಎಲುಬಿಗೇ ಬೆಸೆದುಕೊಳ್ಳುತ್ತದೆ. ತಪ್ಪಿದ ಜಾಗದಲ್ಲಿ ಕೂತರೆ ಯಾವ ಕ್ಲಿಪ್ಪೂ ಅದನ್ನು ಅಲುಗಿಸದು. ಹಲ್ಲು ಹೋಗಿ ಮೂರು ವರ್ಷ ಆಗಿರುವುದರಿಂದ ಹಿಂದಿನ ದವಡೆಹಲ್ಲು ಆ ಖಾಲಿ ಜಾಗದ ಕಡೆಗೆ ವಾಲಿರಬಹುದು, ಮೇಲಿನ ಹಲ್ಲು ಕೆಳಗೆ ಇಳಿದಿರಬಹುದು. ವಾಲಿದ್ದನ್ನು ನೆಟ್ಟಗೆ ಮಾಡಲು ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದು ವರ್ಷ ಬೇಕು. ಇಳಿದದ್ದನ್ನು ಮೇಲಕ್ಕೆತ್ತಲು ಎಲುಬಿನಲ್ಲಿ ಸಣ್ಣ ತಾತ್ಕಾಲಿಕ ಸ್ಕ್ರೂ ಹಾಕುತ್ತಾರೆ. ಇಂಪ್ಲಾಂಟಿನ ಎರಡೂ ಬದಿಯಲ್ಲಿ ಪಕ್ಕದ ಬೇರಿಗೆ ಕನಿಷ್ಠ 1.5 ಮಿಲಿಮೀಟರ್ ಎಲುಬು ಉಳಿಯಬೇಕು. ಮೇಲಿನಿಂದ ನೋಡಿದರೆ ಜಾಗ ಸಾಕಷ್ಟು ಕಂಡು, ಒಳಗೆ ಬೇರುಗಳು ಹತ್ತಿರ ಬಂದಿರುವುದುಂಟು. ಆದ್ದರಿಂದ ಕ್ಲಿಪ್ ಬಿಚ್ಚುವ ಮೊದಲೇ ಎಕ್ಸ್‌ರೇ ತೆಗೆದು, ಬೇರುಗಳು ಸಮಾನಾಂತರವಾಗಿವೆಯೇ ಎಂದು ಇಂಪ್ಲಾಂಟ್ ಹಾಕುವವರೇ ನೋಡಿ ಒಪ್ಪಬೇಕು. ಬಿಚ್ಚಿದ ಮೇಲೆ ಗೊತ್ತಾದರೆ ಮತ್ತೆ ಕ್ಲಿಪ್ ಹಾಕಬೇಕಾದೀತು. ಜಾಗ ಸಿದ್ಧವಾದೊಡನೆ, ಕ್ಲಿಪ್ ಇನ್ನೂ ಇರುವಾಗಲೇ ಇಂಪ್ಲಾಂಟ್ ಹಾಕಿಸುವುದು ಒಳ್ಳೆಯದು. ಅದು ಬೆಸೆಯುವ ಮೂರು ತಿಂಗಳ ಹೊತ್ತಿಗೆ ಮುಂಭಾಗದ ಕೊನೆಯ ಕೆಲಸವೂ ನಡೆಯುತ್ತದೆ.

ಇನ್ನೊಂದು ವಿಷಯ. ಸಾಲು ಸರಿಮಾಡಲು ಒಳ್ಳೆಯ ಹಲ್ಲು ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಕೆಟ್ಟ ಹಲ್ಲಿನ ಜಾಗವನ್ನೇ ಬಳಸಬಹುದೇ ಎಂದು ಕೇಳಿ. ನಿಮ್ಮ ಬಲಗಡೆಯ ಖಾಲಿ ಜಾಗಕ್ಕೂ ಇದೇ ಪ್ರಶ್ನೆ: ಬುದ್ಧಿಹಲ್ಲು ಚೆನ್ನಾಗಿದ್ದರೆ ಹಿಂದಿನ ಹಲ್ಲುಗಳನ್ನು ಮುಂದಕ್ಕೆ ಎಳೆದು ಜಾಗ ಮುಚ್ಚಬಹುದು, ಇಂಪ್ಲಾಂಟೇ ಬೇಡ. ಆದರೆ ಮೂರು ವರ್ಷದಲ್ಲಿ ಎಲುಬು ಸಪೂರ ಆಗಿದ್ದರೆ ಅದು ನಿಧಾನದ ಕೆಲಸ, ಒಂದೂವರೆ ಎರಡು ವರ್ಷ ಹಿಡಿದೀತು.

ಸಪೂರ ಹಲ್ಲಿನ ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದನ್ನು ಕ್ಲಿಪ್ ಡಾಕ್ಟರೊಬ್ಬರೇ ತೀರ್ಮಾನಿಸಬಾರದು. ಆ ಹಲ್ಲು ಸಾಮಾನ್ಯವಾಗಿ ಆರೂವರೆ ಮಿಲಿಮೀಟರ್ ಅಗಲ ಇರಬೇಕು. ಹಲ್ಲಿನ ಅಚ್ಚಿನ ಮೇಲೆ ಮೇಣದಲ್ಲಿ ಕೊನೆಯ ಆಕಾರ ಮಾಡಿ ನೋಡಿದರೆ ಜಾಗದ ಲೆಕ್ಕ ಸಿಗುತ್ತದೆ. ಜಾಗ ಎರಡೂ ಬದಿಯಲ್ಲಿ ಇರಬೇಕು. ಒಂದೇ ಬದಿಗೆ ಬಿಟ್ಟರೆ ಕಾಂಪೋಸಿಟ್ ಒಂದು ಕಡೆ ಉಬ್ಬಿ, ಅದರಡಿಯಲ್ಲಿ ಕೊಳೆ ನಿಂತು ಒಸಡು ಊದಿಕೊಳ್ಳುತ್ತದೆ. ನಾನಾದರೆ ಚಿಕಿತ್ಸೆಯ ಮಧ್ಯದಲ್ಲೇ ಆ ಒಂದು ಹಲ್ಲಿನ ಬ್ರಾಕೆಟ್ ತೆಗೆಸಿ, ತಾತ್ಕಾಲಿಕ ಕಾಂಪೋಸಿಟ್ ಕಟ್ಟಿಸಿ, ಬ್ರಾಕೆಟ್ ಮರಳಿ ಅಂಟಿಸಲು ಹೇಳುತ್ತೇನೆ. ಉಳಿದ ಕೂದಲೆಳೆ ಸಂದನ್ನು ತಂತಿಯೇ ಮುಚ್ಚುತ್ತದೆ.

ಕ್ಲಿಪ್ ಬಿಚ್ಚಿದ ದಿನವೇ, ಹಲ್ಲು ಮರಳಿ ಸರಿಯದಂತೆ ಹಿಡಿದಿಡುವ ರಿಟೇನರ್ ಕೈಗೆ ಸಿಗಬೇಕು. ಒಸಡಿನ ಊತ ಇಳಿಯಲು ಒಂದೆರಡು ತಿಂಗಳು ಬಿಡಿ. ಹಲ್ಲು ಬಿಳಿ ಮಾಡಿಸುವ ಆಸೆ ಇದ್ದರೆ ಆಗಲೇ ಮಾಡಿಸಿ, ಆಮೇಲೆ ಎರಡು ವಾರ ಕಾಯಿರಿ, ಏಕೆಂದರೆ ಬಿಳಿ ಮಾಡಿದ ಕೂಡಲೇ ಕಾಂಪೋಸಿಟ್ ಗಟ್ಟಿಯಾಗಿ ಅಂಟುವುದಿಲ್ಲ. ಕ್ಯಾಪಿನ ಬಣ್ಣವನ್ನೂ ಆ ಹೊಸ ಬಣ್ಣಕ್ಕೇ ಹೊಂದಿಸಬೇಕು. ಮುಂದಿನ ಹಲ್ಲಿನ ಶಾಶ್ವತ ಆಕಾರ, ರೂಟ್ ಕೆನಾಲ್ ಹಲ್ಲಿನ ಕ್ಯಾಪ್, ಇಂಪ್ಲಾಂಟಿನ ಕ್ಯಾಪ್ ಎಲ್ಲ ಆಗ.

ಎರಡು ಊರಿನ ಡಾಕ್ಟರ ನಡುವೆ ಓಡಾಡುವವರು ನೀವಾದ್ದರಿಂದ ಓಪಿಜಿ (ಎಲ್ಲ ಹಲ್ಲು, ದವಡೆ ಒಟ್ಟಿಗೆ ಕಾಣುವ) ಎಕ್ಸ್‌ರೇ, ಹಲ್ಲಿನ ಅಚ್ಚು, ಬರೆದ ಯೋಜನೆ ನಿಮ್ಮ ಕೈಯಲ್ಲಿರಲಿ. ಮೊದಲ ಬ್ರಾಕೆಟ್ ಅಂಟಿಸುವ ಮುನ್ನ ಇಬ್ಬರೂ ಫೋನಿನಲ್ಲಾದರೂ ಮಾತಾಡಿಕೊಳ್ಳಲಿ. ಕೊನೆಯ ಕ್ಯಾಪ್ ಕೂತ ದಿನ ಮತ್ತೆ ಅಳತೆ ಕೊಟ್ಟು ಹೊಸ ರಿಟೇನರ್ ಮಾಡಿಸಿಕೊಳ್ಳಿ. ಹಲ್ಲಿನ ಆಕಾರ ಬದಲಾದ ಮೇಲೆ ಹಳೆಯದು ಸರಿಯಾಗಿ ಕೂರುವುದಿಲ್ಲ, ಕೂರದ್ದನ್ನು ಹಾಕದೆ ಬಿಟ್ಟರೆ ಮುಂದಿನ ಸಂದು ಕೆಲವೇ ವಾರಗಳಲ್ಲಿ ಮತ್ತೆ ತೆರೆಯಬಹುದು.