ಅಂಕಿ ಇದೆ, ಚಿತ್ರ ಎಲ್ಲಿ?

ಪ್ರಶ್ನೆ: ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಅದರ ರೈಟಿಂಗ್ ಭಾಗದ ಮೊದಲ ಪ್ರಶ್ನೆಯಲ್ಲಿ ಗ್ರಾಫ್ ಕೊಟ್ಟು ವಿವರಿಸಲು ಹೇಳುತ್ತಾರೆ. ಗ್ರಾಫ್‌ನಲ್ಲಿರುವ ಅಂಕಿಯನ್ನೆಲ್ಲ ಬರೆದರೂ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಸ್ಕೋರ್ ಏರುತ್ತಿಲ್ಲ. ಯಾಕೆ?
– ಓದುಗಿ, ದಾವಣಗೆರೆ

ಉತ್ತರ: ಎಲ್ಲ ಬರೆಯೋದೇ ತಪ್ಪು ನೋಡಿ! ಬೆಣ್ಣೆದೋಸೆ ಅಂಗಡಿಯವರನ್ನು ವ್ಯಾಪಾರ ಹೇಗಿದೆ ಅಂತ ಕೇಳಿದರೆ ಸೋಮವಾರ ಇಷ್ಟು, ಮಂಗಳವಾರ ಇಷ್ಟು ಅಂತ ಲೆಕ್ಕ ಒಪ್ಪಿಸುವುದಿಲ್ಲ, ಭಾನುವಾರ ದುಪ್ಪಟ್ಟು, ಉಳಿದ ದಿನ ಸಾಧಾರಣ ಅಂತಾರೆ, ಅಲ್ವಾ? ಆ ಒಟ್ಟು ನೋಟ ಮೊದಲು ಬರಲಿ. ಆಮೇಲೆ ಅದಕ್ಕೆ ಬೇಕಾದ ನಾಲ್ಕಾರು ಅಂಕಿ ಸಾಕು. ಈ ಪ್ರಶ್ನೆಗೆ ಕೇಳುವುದು ಕನಿಷ್ಠ 150 ಪದ, ಸಮಯ ಸುಮಾರು 20 ನಿಮಿಷ. ಗ್ರಾಫ್‌ನ ಅಂಕಿ ಯಾಕೆ ಏರಿತು ಅಂತ ಸುಮ್ನೆ ಊಹಿಸಬೇಡಿ. ಜಾಸ್ತಿ ಜನ ಎಡವುವುದು ಇಲ್ಲಿ: 40 ಪರ್ಸೆಂಟ್ ಇದ್ದದ್ದು 60 ಆದರೆ ಏರಿದ್ದು 20 ಪರ್ಸೆಂಟ್ ಅಲ್ಲ, 20 ಪರ್ಸೆಂಟೇಜ್ ಪಾಯಿಂಟ್. 20 ಅಂದರೆ 40ರ ಅರ್ಧ, ಹಾಗಾಗಿ ಪರ್ಸೆಂಟ್ ಲೆಕ್ಕದಲ್ಲಿ ಅದು 50!